ಸೋತವರ ಕುರ್ಚಿ

"ಬನ್ನಿ ಭಾವ, ಸಿಂಹಾಸನ ಕಾಯ್ತಿದೆ!"

ಸಲೂನಣ್ಣ ನಡುವಿನ ಕುರ್ಚಿಯನ್ನು ಟವೆಲಿನಿಂದ ಫಟ್ಟನೆ ಬಡಿದ. ಗೋಡೆಗೊರಗಿದ ಬೆಂಚಿನಲ್ಲಿ ಒತ್ತೊತ್ತಾಗಿ ಕೂತಿದ್ದ ಮಂದಿ ಹೋ ಎಂದು ಕೂಗಿದರು. ಪಕ್ಕದ ಅಂಗಡಿಯ ಟೈಲರ್ ಹೊಲಿಗೆಯನ್ನು ಅರ್ಧಕ್ಕೇ ಬಿಟ್ಟು, ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದ ಹಾಗೇ ವಿಡಿಯೋ ಮಾಡಲು ಫೋನು ಹಿಡಿದು ಓಡಿ ಬಂದಿದ್ದ. ಭಾವ ಎದ್ದು, ಗೆದ್ದು ಬಂದವರ ಹಾಗೆ ಎಲ್ಲರಿಗೂ ಕೈಬೀಸಿ, ಕುರ್ಚಿಯಲ್ಲಿ ಕೂತರು.

ಬಾಸ್ಕೆಟ್‌ಬಾಲ್ ಲೀಗಿನ ಕೊನೆಯ ಸುತ್ತುಗಳು ಶುರುವಾದವೆಂದರೆ ಆ ಸಲೂನಿನಲ್ಲಿ ಕತ್ತರಿಗಿಂತ ಬಾಯಿಗಳೇ ಹೆಚ್ಚು ಓಡುತ್ತಿದ್ದವು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು, ಯಾರಿಗೆ ಯಾರು ಎದುರು ಎಂದು ಬರೆದು, ಸಲೂನಣ್ಣ ಕನ್ನಡಿಯ ಪಕ್ಕ ಅಂಟಿಸುತ್ತಿದ್ದ. ಮೊದಲ ಪಂದ್ಯಕ್ಕೆ ಮುಂಚೆಯೇ ಫೈನಲಿನವರೆಗೂ ಯಾರು ಗೆಲ್ಲುತ್ತಾರೆಂದು ಪ್ರತಿಯೊಬ್ಬರೂ ಹೇಳಿಬಿಡಬೇಕು, ಆಮೇಲೆ ತಿದ್ದುವಂತಿಲ್ಲ. ದುಡ್ಡಿನ ಮಾತೇ ಇಲ್ಲ. ಹೆಚ್ಚು ಸರಿ ಹೇಳಿದವನಿಗೆ ವರ್ಷವಿಡೀ ಬಿಟ್ಟಿ ಶೇವಿಂಗು, ಎಲ್ಲರಿಗಿಂತ ಕೆಳಗೆ ಬಿದ್ದವನ ಮೀಸೆಗೆ ಎಲ್ಲರೆದುರಿಗೆ ಕತ್ತರಿ.

ಮೀಸೆ ಸಾಲದು ಎಂದು ಈ ಸಲ ತಗಾದೆ ತೆಗೆದವರು ಭಾವನೇ. "ವರ್ಷಾ ವರ್ಷಾ ಅದೇ ಮೀಸೆ. ನೋಡಿ ನೋಡಿ ಸಾಕಾಯ್ತು. ಈ ಸಲ ಸೋತವನ ತಲೆ ನುಣ್ಣಗಾಗ್ಲಿ" ಎಂದಿದ್ದರು. ಎಲ್ಲರಿಗೂ ಒಳಗೆ ಪುಕಪುಕ. ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಆಗಿದ್ದ ಭಾವ ಊಹೆಯಲ್ಲಿ ಸೋತವರೇ ಅಲ್ಲ. ತಾನು ಸೋಲುವುದಿಲ್ಲವೆಂಬ ಧೈರ್ಯಕ್ಕೇ ಇನ್ನೊಬ್ಬರ ತಲೆಯ ಮೇಲೆ ಕಣ್ಣು ಹಾಕಿದ್ದಾರೆ ಎಂದು ಟೈಲರ್ ಗೊಣಗಿದ್ದ.

ಆದರೆ ಭಾವ ತಮ್ಮ ಊಹೆ ಹೇಳತೊಡಗಿದಾಗ ಸಲೂನಣ್ಣನ ಪೆನ್ನು ನಿಂತುಹೋಗಿತ್ತು. ಈ ಸಲ ಕಪ್ ಗೆಲ್ಲುವುದು ಹಸಿರು ಅಂಗಿಯವರಂತೆ!

"ಭಾವ, ಅವರ ಉದ್ದನೆಯವನು ಮಂಡಿ ಮುರ್ಕೊಂಡು ಮಲಗಿದ್ದಾನೆ."

"ಗೊತ್ತು. ಬರ್ಕೋ."

ಉಳಿದವೂ ಅಂಥವೇ. ಯಾರನ್ನು ಕೇಳಿದರೂ ಸೋಲುತ್ತಾರೆ ಅನ್ನುವ ತಂಡವೇ ಭಾವನಿಗೆ ಬೇಕು. ವರ್ಷವಿಡೀ ಕಾದು ನಡೆಸುವ ತನ್ನ ಆಟವನ್ನು ಇವರು ಹುಡುಗಾಟ ಮಾಡಿಕೊಂಡರಲ್ಲ ಎಂದು ಸಲೂನಣ್ಣನಿಗೆ ಸಿಟ್ಟೇ ಬಂದಿತ್ತು. ಅಕ್ಕನ ಗಂಡ ಎಂದು ನುಂಗಿಕೊಂಡಿದ್ದ. ಹಸಿರಿನವರು ಮೊದಲ ಸುತ್ತಿನಲ್ಲೇ ಮಣ್ಣು ಮುಕ್ಕಿದರು. ಅವರ ಹಿಂದೆ ಒಂದೊಂದಾಗಿ ಭಾವನ ತಂಡಗಳೆಲ್ಲ ಮನೆಯ ದಾರಿ ಹಿಡಿದವು.

ಈಗ ಆ ಪ್ರಸಿದ್ಧ ತಲೆ ಅವನ ಕೈಯಲ್ಲಿತ್ತು. ಪ್ರಸಿದ್ಧವೆಂದರೆ ಸುಮ್ಮನೆ ಅಲ್ಲ. ಆ ಕೂದಲಿನ ದಟ್ಟಣೆಗೆ ಹೆಲ್ಮೆಟ್ಟು ಇಳಿಯುತ್ತಿರಲಿಲ್ಲ. ಅಕ್ಕ ಮದುವೆಯಾದ ಹೊಸತರಲ್ಲಿ ಆಸೆಪಟ್ಟು ಹೆಣೆದ ಟೋಪಿಗಳೆಲ್ಲ ಆ ತಲೆಯ ಮೇಲೆ ಗಳಿಗೆ ಹೊತ್ತು ಕೂತು ಜಾರಿ ಬೀಳುತ್ತಿದ್ದವು. "ಇದು ತಲೆಯಲ್ಲ, ಪೊದೆ" ಎಂದು ಬೈದು ಅವಳು ಹೆಣೆಯುವುದನ್ನೇ ಬಿಟ್ಟಿದ್ದಳು.

ಸಲೂನಣ್ಣ ಬಿಳಿ ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಅಭ್ಯಾಸದಂತೆ ಹಣೆಯಿಂದ ಹಿಂದಕ್ಕೆ ಒಮ್ಮೆ ಬಾಚಿದ.

ಬಾಚಣಿಗೆಯ ಜೊತೆ ಕೂದಲು ಬಂತು. ಒಂದೆರಡು ಎಳೆಯಲ್ಲ, ಹಿಡಿಯಷ್ಟು. ಎಳೆದದ್ದೇ ಗೊತ್ತಾಗದ ಹಾಗೆ, ಸದ್ದಿಲ್ಲದೆ, ಬೇರು ಸಮೇತ ಬಂತು. ಬಾಚಿದ ಕಡೆ ಬೆಳ್ಳನೆಯ ಚರ್ಮ ಕಾಣುತ್ತಿತ್ತು.

ಸಲೂನಣ್ಣ ಬಾಚಣಿಗೆಯನ್ನು ತಿರುಗಿಸಿ ನೋಡಿದ. ಮೂವತ್ತು ವರ್ಷದಿಂದ ತಲೆಗಳನ್ನೇ ನೋಡಿಕೊಂಡು ಬಂದವನು. ವಯಸ್ಸಿಗೆ ಉದುರುವುದು ಗೊತ್ತು, ಚಿಂತೆಗೆ ಉದುರುವುದು ಗೊತ್ತು. ಇದು ಅದಲ್ಲ. ತಲೆಯೆತ್ತಿ ಕನ್ನಡಿ ನೋಡಿದರೆ ಅಲ್ಲಿ ಭಾವನ ಕಣ್ಣು ಅವನನ್ನೇ ಕಾಯುತ್ತಿತ್ತು.

"ಮೆಷಿನ್ ಹಾಕು," ಎಂದರು ಭಾವ ತುಟಿ ಅಲುಗಿಸದೆ. "ಸದ್ದು ಮಾಡೋದನ್ನ ಹಾಕು."

ಸಲೂನಣ್ಣ ಬಾಚಣಿಗೆಯನ್ನು ಜೇಬಿಗೆ ತುರುಕಿ, ಮೂಲೆಯಲ್ಲಿದ್ದ ಹಳೆಯ ಮೆಷಿನ್ನು ತೆಗೆದ. ಅದು ಗರ್ರೆಂದಿತು. ಫೋನಿಗೂ ತಲೆಗೂ ಅಡ್ಡವಾಗಿ ತನ್ನ ಬೆನ್ನು ತಂದು ನಿಂತ.

"ಏನ್ ಭಾವ ಇದು?"

"ಔಷಧಿ. ಒಂದ್ಸಲ ಹಾಕಿಸ್ಕೊಂಡಿದ್ದೀನಿ. ಇನ್ನೂ ಬಾಕಿ ಇದೆ." ಬಿಳಿ ಬಟ್ಟೆಯೊಳಗೆ ಅವರ ಕೈ ಹೊಟ್ಟೆಯ ಮೇಲೆ ಹೋಗಿ ನಿಂತಿತು. "ಇಲ್ಲಿ ಗಡ್ಡೆ. ಒಳ್ಳೇದಲ್ಲ."

ಸಲೂನಣ್ಣನ ಕೈ ಗಾಳಿಯಲ್ಲೇ ಉಳಿಯಿತು. ಮೆಷಿನ್ನು ಮಾತ್ರ ತನ್ನಷ್ಟಕ್ಕೆ ಓಡುತ್ತಿತ್ತು.

"ಅಕ್ಕಂಗೆ?"

"ಹೇಳಿಲ್ಲ. ಮಗಳ ಪರೀಕ್ಷೆ ಮುಗಿದ್ಮೇಲೆ ಹೇಳ್ತೀನಿ. ಸದ್ಯಕ್ಕೆ ಹೊಟ್ಟೆ ಕೆಟ್ಟಿದೆ ಅಂದಿದ್ದೀನಿ, ನಂಬಿದ್ದಾಳೆ. ಆದ್ರೆ ಕೂದಲು ಉದುರುತ್ತೆ ಅಂತ ಡಾಕ್ಟರು ಮೊದಲೇ ಹೇಳಿದ್ರಲ್ಲ, ಅದಕ್ಕೇನು ಸುಳ್ಳು ಹೇಳ್ಲಿ?" ಭಾವ ಕ್ಯಾಲೆಂಡರಿನ ಕಡೆ ಕಣ್ಣು ಹಾಯಿಸಿದರು.

ಸಲೂನಣ್ಣನಿಗೆ ಆಗ ಹೊಳೆಯಿತು. "ಬೇಕಂತಲೇ ಸೋತ್ರಾ?"

"ಎಷ್ಟು ಕಷ್ಟ ಗೊತ್ತೇನೋ ಎಲ್ಲಾ ತಪ್ಪು ಹೇಳೋದು! ಆ ನೀಲಿಯವರು ಒಂದು ಪಂದ್ಯ ಗೆದ್ದೇಬಿಟ್ರು ನೋಡು, ಆವತ್ತು ಜೀವ ಬಾಯಿಗೆ ಬಂದಿತ್ತು." ಭಾವ ನಕ್ಕರು. ನಗು ಬೇಗ ಮುಗಿಯಿತು. "ಬೋಳು ತಲೆ ನೋಡಿ ಅವಳು ಮೊದಲು ನಗ್ಲಿ ಕಣೋ. ಅಳೋದು ಇದ್ದೇ ಇದೆ."

"ಏನ್ರೀ ಅದು ಗುಸುಗುಸು! ಪಕ್ಕಕ್ಕೆ ಸರೀರಿ, ನಿಮ್ಮ ಬೆನ್ನೇ ಕಾಣ್ತಿದೆ ವಿಡಿಯೋದಲ್ಲಿ!" ಎಂದು ಟೈಲರ್ ಕಿರುಚಿದ.

"ನನ್ ಬೆನ್ನೂ ಚೆನ್ನಾಗೇ ಇದೆ, ತಗೋ!" ಎಂದ ಸಲೂನಣ್ಣ. ಎಲ್ಲರೂ ನಕ್ಕರು. ಅವನ ಕಣ್ಣು ಮಂಜಾಗಿದ್ದರೂ ಕೈ ತಪ್ಪಲಿಲ್ಲ. ಎಲ್ಲಿಯೂ ಒಂದು ಗೀರು ಬೀಳದ ಹಾಗೆ, ಮಗುವಿನ ತಲೆಗೆಂಬಂತೆ ಹಗುರವಾಗಿ ಆಡಿಸಿ ಮುಗಿಸಿದ.

ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕನ ದನಿ ಕೇಳಿಸಿತು. ವಿಡಿಯೋ ಆಗಲೇ ಅವಳಿಗೆ ಹೋಗಿತ್ತು. ಹಾಳಾದ ಟೈಲರನಿಗೆ ತಡೆಯಲಾಗಿರಲಿಲ್ಲ. ಸಲೂನಣ್ಣ ತಟ್ಟನೆ ಪೊರಕೆ ಹಿಡಿದ. ಮೆಷಿನ್ನಿಗೆ ಸಿಕ್ಕಿದ್ದು ಚೂರು ಚೂರಾಗಿತ್ತು, ತಾನಾಗಿ ಕಳಚಿದ್ದು ಉದ್ದಕ್ಕೆ ಗೊಂಚಲು ಗೊಂಚಲಾಗಿ ಬಿದ್ದಿತ್ತು. ಅಕ್ಕನ ಕಣ್ಣಿಗೆ ಅದೊಂದು ಬೀಳಬಾರದು.

"ಅಯ್ಯೋ ನನ್ನ ಕರ್ಮವೇ! ಹೆಣ್ಣು ನೋಡೋಕೆ ಬಂದಾಗ ಈ ತಲೆ ತೋರಿಸಿದ್ರೆ ನಾನು ಒಪ್ತಿದ್ನಾ?" ಎಂದು ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ನಕ್ಕು ನಕ್ಕು ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತಳು. ಬೆಂಚಿನವರೆಲ್ಲ ಅವಳ ಜೊತೆ ನಕ್ಕರು. ಭಾವನ ಮುಖ ಅರಳಿತು. ಅಂದುಕೊಂಡ ಹಾಗೆಯೇ ಆಗಿತ್ತು. ಸಲೂನಣ್ಣ ಅವಳ ಕಾಲಬುಡದಲ್ಲಿ ಸರಸರನೆ ಗುಡಿಸುತ್ತಿದ್ದ. ಅವಳು ಅವನನ್ನು ನೋಡದೆಯೇ ಎರಡೂ ಕಾಲು ಎತ್ತಿ ಜಾಗ ಕೊಟ್ಟಳು.

ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಕೈಚೀಲದಿಂದ ಏನನ್ನೋ ತೆಗೆದಳು. ಮೆತ್ತನೆಯ ಹತ್ತಿ ನೂಲಿನಲ್ಲಿ ಹೆಣೆದ, ತಿಳಿಬೂದು ಬಣ್ಣದ ಟೋಪಿ.

"ಗಾಳಿ ಇದೆ ಹೊರಗೆ," ಎಂದು ಭಾವನ ಹಿಂದೆ ನಿಂತು ತಲೆಗೆ ಹಾಕಿ, ಎರಡೂ ಕೈಯಿಂದ ಕಿವಿಯವರೆಗೆ ಎಳೆದಳು. ಅದು ಜಾರಲಿಲ್ಲ. ಎಲ್ಲಿಯೂ ಸಡಿಲವಿಲ್ಲ, ಎಲ್ಲಿಯೂ ಬಿಗಿಯಿಲ್ಲ.

"ಅಬ್ಬಬ್ಬಾ, ಬೋಳು ತಲೆಗೆ ಅಳತೆ ತಗೊಂಡು ಮಾಡಿದಂಗಿದೆಯಲ್ಲ ಅಕ್ಕಾ!" ಟೈಲರ್ ಹುಬ್ಬೇರಿಸಿದ. "ಇಷ್ಟು ಸಣ್ಣ ಹೆಣಿಗೆಗೆ ದಿನಗಟ್ಟಲೆ ಬೇಕು. ಯಾವಾಗ ಹೆಣೆದ್ರಿ?"

ಕನ್ನಡಿಯಲ್ಲಿ ಭಾವನ ನಗು ಹಾಗೇ ನಿಂತುಬಿಟ್ಟಿತ್ತು. ಅಂಚಿನಲ್ಲಿ ಹೊರಗೆ ಉಳಿದಿದ್ದ ಒಂದು ನೂಲಿನ ತುದಿಯನ್ನು ಅಕ್ಕ ಬೆರಳಿನಿಂದ ಮೆಲ್ಲಗೆ ಒಳಗೆ ಸೇರಿಸುತ್ತಿದ್ದಳು. ಸಲೂನಣ್ಣನ ಕೈಯಲ್ಲಿ ಪೊರಕೆ ನಿಂತಿತ್ತು.