ಕಾಲು ಮುಂದಾಗಿ ಹುಟ್ಟಿದವಳು

ರೊಟ್ಟಿ ಬಡಿದು ಮುಗಿಸಿ ಮಾಳವ್ವ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಒಂಬತ್ತನೆಯ ಇಯತ್ತೆ ಮುಗಿಸಿದ್ದ ಅನ್ನಪೂರ್ಣ ಮುಂದಿನ ವರ್ಷದ ವಿಜ್ಞಾನದ ಪುಸ್ತಕವನ್ನು ಯಾರಿಂದಲೋ ಇಸಿದುಕೊಂಡು ಬಂದಿದ್ದಳು.

"ಜಗ್ಗಬ್ಯಾಡವ್ವಾ."

"ಕೂದಲಲ್ಲ ಇದು, ಎತ್ತಿನ ಹಗ್ಗ ಐತಿ. ಸುಮ್ನ ಕುಂದರು."

ಗಂಡ ಕಳಕೇಶ ಕಾರಟಗಿಯ ಅಕ್ಕಿ ಗಿರಣಿಗೆ ದುಡಿಯಲು ಹೋಗಿದ್ದ. ಮನೆಯ ಯಜಮಾನಿಕೆ ಮಾವ ಲಕ್ಷ್ಮಣಪ್ಪನದು.

ಯಲಬುರ್ಗಾ ತಾಲೂಕಿನ ಮಂಗಳೂರು ಎಂಬ ಹಳ್ಳಿಯಾಚೆಯ ಆ ಸಣ್ಣ ಊರಿನಲ್ಲಿ ಅನ್ನಪೂರ್ಣಳನ್ನು ಅರಿಯದವರಿರಲಿಲ್ಲ. ಅವಳು ಕಾಲು ಮುಂದಾಗಿ ಹುಟ್ಟಿದವಳು. ಅಂಥವರಿಗೆ ನೆಲದೊಳಗಿನ ನೀರು ತಿಳಿಯುತ್ತದೆ ಎಂಬ ನಂಬಿಕೆ. ಎಂಟು ವರ್ಷದವಳಿದ್ದಾಗಿನಿಂದ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬರಿಗಾಲಲ್ಲಿ ಹೊಲ ತುಳಿಯುತ್ತಿದ್ದಳು. ಕಾಯಿ ಎದ್ದು ನಿಂತಲ್ಲಿ ಬೋರು ಕೊರೆಸುತ್ತಿದ್ದರು. ಕಾಯಿ ಹಿಡಿದ ಗಳಿಗೆಯಿಂದ ಬೋರಿನಿಂದ ನೀರು ಚಿಮ್ಮುವವರೆಗೆ ಅವಳು ಹನಿ ನೀರು ಮುಟ್ಟುವಂತಿಲ್ಲ. ನೀರಡಿಸಿದವಳನ್ನೇ ನೀರು ಕರೆಯುತ್ತದಂತೆ.

ಹಿಂದಿನ ತಿಂಗಳು ಒಂದು ಹೊಲದಲ್ಲಿ ನೀರು ಬೀಳಲಿಲ್ಲ. ಮುಖ ತೊಳೆಯುವಾಗ ಒಂದು ಗುಟುಕು ನುಂಗಿದ್ದೆ ಎಂದು ಹುಡುಗಿ ಒಪ್ಪಿಕೊಂಡಳು. ಅವತ್ತು ಅವಳನ್ನು ಹೊಡೆದವಳು ಮಾಳವ್ವನೇ. ದೇವರ ಜಗಲಿ ಮುಟ್ಟಿಸಿ ಆಣೆ ಹಾಕಿಸಿದವಳೂ ಅವಳೇ.

2003ರ ಏಪ್ರಿಲ್. ಊರಿನ ಕೈಪಂಪು ಗಾಳಿ ಉಗುಳತೊಡಗಿದ ಮೇಲೆ ಸರ್ಕಾರದ ಬೋರು ಮಂಜೂರಾಗಿ, ಜಾಗ ನೋಡಲು ಸರ್ಕಾರಿ ಭೂವಿಜ್ಞಾನಿ ಮೆಹಬೂಬಸಾಬ ಜೀಪಿನಲ್ಲಿ ಬಂದ. ನಾಲ್ಕು ಕಬ್ಬಿಣದ ಗೂಟಗಳನ್ನು ಸಾಲಾಗಿ ನೆಟ್ಟು, ವೈರು ಎಳೆದು, ಪೆಟ್ಟಿಗೆಯ ಮುಳ್ಳು ನೋಡಿ ಬರೆದುಕೊಳ್ಳುತ್ತಿದ್ದ.

"ಇದು ಹೆಂಗ ಗೊತ್ತ ಮಾಡತೈತ್ರಿ?" ಅನ್ನಪೂರ್ಣ ಹತ್ತಿರ ಹೋಗಿ ಕೇಳಿದಳು.

"ನೆಲಕ್ಕ ಕರೆಂಟ್ ಬಿಡತೀವಿ, ತಂಗಿ. ಹಸಿ ನೆಲ ಸಲೀಸ ದಾರಿ ಕೊಡತೈತಿ, ಗಟ್ಟಿ ಕಲ್ಲು ತಡೀತೈತಿ. ಗೂಟ ದೂರ ಸರಿಸಿದಂಗ ಇನ್ನೂ ಆಳದ್ದು ತಿಳೀತೈತಿ."

ಗುಡಿಕಟ್ಟೆಯ ಬಳಿ ಅರವತ್ತು ಅಡಿಗೇ ಗಟ್ಟಿ ಕಲ್ಲು; ಹಳ್ಳದ ದಂಡೆಯಲ್ಲಿ ಕಲ್ಲು ಸೀಳಿದೆ, ಅಲ್ಲೇ ಕೊರೆಸಿ ಎಂದ. "ನೂರಕ್ಕ ನೂರು ಅನ್ನಂಗಿಲ್ರಿ. ಆದ್ರ ಇಲ್ಲಿಕಿಂತ ಛಲೋ."

"ಮಿಷನ್ನಿಗೆ ನೀರಡಿಕಿ ಆಗತೈತೇನ್ರಿ?" ಲಕ್ಷ್ಮಣಪ್ಪ ನಕ್ಕ. "ನೀರಡಿಕಿ ಗೊತ್ತಿಲ್ಲದ್ದು ನೀರು ಎಲ್ಲಿಂದ ಹುಡಕೀತು? ನಮ್ಮ ಹುಡುಗಿ ಹನ್ನೊಂದು ಬೋರು ತೋರ್ಸ್ಯಾಳ."

"ನೀರು ಬಿದ್ದವು ಎಷ್ಟರಿ?"

"ಆರು."

"ಉಳಿದ ಐದು?"

"ಐದು ಸರ್ತಿನೂ ಕಳ್ಳನೀರು ಕುಡದಾಳ."

ಕೂತವರು ನಕ್ಕರು. ಅನ್ನಪೂರ್ಣ ತಲೆ ತಗ್ಗಿಸಿದಳು.

ಸೋಮವಾರ ಬೆಳಿಗ್ಗೆ ಅವಳ ಕೈಯ ಕಾಯಿ ಗುಡಿಕಟ್ಟೆಯ ಬಳಿ ಎದ್ದು ನಿಂತಿತು. ಬೋರಿನ ಗಾಡಿ ಕುಷ್ಟಗಿಯಲ್ಲಿ ಕೆಟ್ಟು ನಿಂತು, ಬಂದದ್ದು ಮರುದಿನ ಮಧ್ಯಾಹ್ನ. ಅಷ್ಟೂ ಹೊತ್ತು ಅವಳ ಬಾಯಿಗೆ ನೀರಿಲ್ಲ. ಹುಡುಗಿಗೆ ನೀರು ಕೊಡಿ ಎಂದು ಮೆಹಬೂಬಸಾಬ ಕೈಮುಗಿದ.

"ಯಾಕ ಸಾಹೇಬ್ರ, ನೀವು ರೋಜಾ ಹಿಡಿಯಂಗಿಲ್ಲೇನು?" ಎಂದ ಲಕ್ಷ್ಮಣಪ್ಪ.

"ಸಂಜಿಗೆ ಬಿಡತೀವ್ರಿ. ಸಣ್ಣವರಿಗೆ, ಜಡ್ಡಾದವರಿಗೆ ಅದೂ ಇಲ್ಲ."

ಗುಡಿಕಟ್ಟೆಯ ಬಳಿಯೇ ಕೊರೆತ ಶುರುವಾಯಿತು. ಅರವತ್ತು ಅಡಿ ದಾಟುತ್ತಲೇ ಬಿಳಿ ಧೂಳು. ಇನ್ನೂರು, ಮುನ್ನೂರು, ಬರೀ ಧೂಳು. ಬೇವಿನ ಬುಡದಲ್ಲಿ ಕೂತಿದ್ದ ಅನ್ನಪೂರ್ಣ ಪಕ್ಕಕ್ಕೆ ವಾಲಿದಳು. ಮಾಳವ್ವ ಮುಟ್ಟಿ ನೋಡಿದಳು: ಬೆವರಿಲ್ಲ, ಮೈ ಹಂಚಿನಂತೆ ಸುಡುತ್ತಿತ್ತು. ಓಡಿಹೋಗಿ ಜೀಪಿನಲ್ಲಿದ್ದ ನೀರಿನ ಕ್ಯಾನು ತಂದು ಮಗಳ ತುಟಿಗೆ ಹಿಡಿದಳು. ಹುಡುಗಿ ಹಲ್ಲು ಕಚ್ಚಿಕೊಂಡಳು.

"ಬ್ಯಾಡವ್ವಾ. ನೀರು ಇನ್ನ ಬಂದಿಲ್ಲ. ಈ ಸರ್ತಿ ಕುಡದಿಲ್ಲ ಅಂತ ಹೇಳು ಅವರಿಗೆ."

ಮಾಳವ್ವ ಬೆರಳಿನಿಂದ ಬಾಯಿ ತೆರೆಯಲು ನೋಡಿದಳು. ನೀರು ಗದ್ದದ ಮೇಲಿಂದ ಹರಿದು ರವಿಕೆ ನೆನೆಯಿತು. ಒಂದು ಹನಿಯೂ ಒಳಗೆ ಹೋಗಲಿಲ್ಲ. ಜೀಪು ಯಲಬುರ್ಗಾ ಆಸ್ಪತ್ರೆ ಮುಟ್ಟುವಾಗ ಅವಳು ಉಳಿದಿರಲಿಲ್ಲ.

ಮೂರನೆಯ ದಿನ ಗಾಡಿಯ ಸದ್ದು ಕೇಳಿ ಮಾಳವ್ವ ಮನೆಯಿಂದ ಹೊರಬಿದ್ದಳು. ಬೇವಿನ ಬುಡಕ್ಕೆ ಗಾಡಿಯನ್ನು ಹಿಂದೆ ಸರಿಸುತ್ತಿದ್ದರು. ಅಳುತ್ತಲೇ ಲಕ್ಷ್ಮಣಪ್ಪ ಹೇಳುತ್ತಿದ್ದ, "ಆಕಿ ಬಿದ್ದಲ್ಲೇ ನೀರೈತಿ. ನೀರು ಆಕಿನ್ನ ಕರಕೊಂಡೈತಿ."

ಮಾಳವ್ವ ಹೋಗಿ ಆ ಜಾಗದಲ್ಲಿ ಕೂತಳು.

"ಏಳವಾ. ಊರಿಗೆ ನೀರು ಬ್ಯಾಡೇನು?"

"ಬೇಕ್ರಿ. ಸಾಹೇಬ್ರು ಹಳ್ಳದಾಗ ಗುರುತು ಮಾಡ್ಯಾರ, ಅಲ್ಲೆ ಕೊರೀರಿ."

"ಇಲ್ಲೇ ಬಿದ್ರ?"

"ಬೀಳಬಹುದು, ಮಾವಾ. ಇಲ್ಲಿ ಬಿತ್ತಂದ್ರ ನಾಳೆ ಇನ್ನೊಬ್ಬರ ಮನ್ಯಾಗಿನ ಹುಡುಗಿ ಬಾಯಿ ಕಟ್ಟತೀರಿ. ಅದಕ್ಕ ಬ್ಯಾಡ."

ಮೂರು ವರ್ಷದ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತಿದ್ದ ಕಸ್ತೂರೆಮ್ಮ ಗುಂಪಿನಿಂದ ಬಂದು ಅವಳ ಪಕ್ಕದಲ್ಲಿ ಕೂತಳು. ಆ ಮಗುವೂ ಕಾಲು ಮುಂದಾಗಿ ಹುಟ್ಟಿದ್ದೆಂದು ಊರಿಗೆಲ್ಲ ಗೊತ್ತಿತ್ತು.

ಡ್ರೈವರ್ ಇಬ್ಬರನ್ನೂ ನೋಡಿದ. ಯಾರನ್ನೂ ಕೇಳದೆ ಗಾಡಿಯನ್ನು ಹಳ್ಳದ ಕಡೆ ತಿರುಗಿಸಿದ.