ಕಾಲರ್ ಸಾಲಿನ ಸೆಕೆ

ಸಿದ್ಧ ಉಡುಪು ಹೊಲಿಯುವ ಆ ಶೆಡ್ಡಿಗೆ ತಗಡಿನ ಸೂರು. ಒಳಗೆ ನಲವತ್ತು ಹೊಲಿಗೆ ಯಂತ್ರ, ಆರು ಇಸ್ತ್ರಿ ಮೇಜು, ನಾಲ್ಕೇ ನಾಲ್ಕು ಫ್ಯಾನು. ಹತ್ತೊಂಬತ್ತು ವರ್ಷದಿಂದ ಅಲ್ಲಿ ಹಬೆ ಇಸ್ತ್ರಿ ಹಿಡಿದು ನಿಂತ ಹೆಂಗಸನ್ನು ಎಲ್ಲರೂ ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಯಾರಾದರೂ ಸೆಕೆ ಎಂದು ಗೊಣಗಿದರೆ ಅವಳಿಗೆ ನಗು.

"ಬೇಸಿಗೆಯಲ್ಲಿ ಸೆಕೆ ಆಗದೆ ಚಳಿ ಆಗುತ್ತೇನ್ರೇ? ಬಾಯಿ ಸಾಕು, ಕೈ ನಡೀಲಿ!" ಅನ್ನುತ್ತಿದ್ದಳು.

ಅವಳ ನಾದಿನಿಯೂ ಅಲ್ಲೇ ಕೆಲಸಕ್ಕಿದ್ದಳು. ಇಪ್ಪತ್ತೆರಡರ ಹುಡುಗಿ. ಕಾಲರ್ ಹೊಲಿಯುವುದರಲ್ಲಿ ಅವಳ ಕೈಗೆ ಸಾಟಿಯಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಇಸ್ತ್ರಿ ಮೇಜಿನ ಹತ್ತಿರ ಬಂದಳು. "ಅತ್ತಿಗೆ, ತಲೆ ಸಿಡೀತಿದೆ. ವಾಂತಿ ಬಂದ ಹಾಗೆ ಆಗ್ತಿದೆ. ಸ್ವಲ್ಪ ಹೊರಗೆ ಹೋಗಿ ಬರಲಾ?"

"ಇನ್ನೊಂದರ್ಧ ಗಂಟೆ ತಡ್ಕೊಳ್ಳೇ. ಆ ಕಟ್ಟು ಮುಗಿಸಿಬಿಡು."

ಹುಡುಗಿ ವಾಪಸ್ ಹೋಗಿ ಯಂತ್ರದ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಪಕ್ಕದವಳು ಕೂಗಿದಳು. ನಾದಿನಿ ಕಾಲರನ್ನು ತೋಳಿಗೆ ಜೋಡಿಸಿ ಹೊಲಿಯುತ್ತಿದ್ದಳು. ಇಸ್ತ್ರಿಯಕ್ಕ ಓಡಿಬಂದು ಭುಜ ಹಿಡಿದಳು.

"ಅಮ್ಮಾ, ಮಳೆ ಬರ್ತಿದೆ. ಒಣಗಲು ಹಾಕಿದ ಬಟ್ಟೆ ತೆಗೀಬಾರದಾ?" ಎಂದಳು ಹುಡುಗಿ.

ಅವಳ ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹಣೆ ಮುಟ್ಟಿದರೆ ಸುಡುತ್ತಿತ್ತು. ಆ ಸೆಕೆಯಲ್ಲೂ ಒಂದು ಹನಿ ಬೆವರಿಲ್ಲ.

"ಕೆಲಸ ತಪ್ಪಿಸೋಕೆ ಹೊಸ ನಾಟಕ," ಎಂದ ಮೇಸ್ತ್ರಿ. ಅವನ ಮಾತು ಮುಗಿಯುವಷ್ಟರಲ್ಲಿ ಹುಡುಗಿ ಯಂತ್ರದ ಮೇಲೆಯೇ ಕುಸಿದಳು.

ಇಸ್ತ್ರಿಯಕ್ಕನ ಗಂಡ ವ್ಯಾನ್ ಓಡಿಸುವವನು. ಸುದ್ದಿ ತಿಳಿದು ಗಾಡಿ ತಂದ. ಆಸ್ಪತ್ರೆಯಲ್ಲಿ ನರ್ಸಮ್ಮ ಒಂದು ಕ್ಷಣವೂ ವ್ಯರ್ಥ ಮಾಡಲಿಲ್ಲ. ಮೈಮೇಲೆ ತಣ್ಣೀರು ಸುರಿದು, ಕಂಕುಳಿಗೆ ಮಂಜುಗಡ್ಡೆ ಇಟ್ಟು, ಫ್ಯಾನ್ ತಿರುಗಿಸಿದಳು. ಡಾಕ್ಟರು ಡ್ರಿಪ್ ಹಾಕಿದರು. ಸಂಜೆಯ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟಳು.

"ಇನ್ನೊಂದು ಸ್ವಲ್ಪ ತಡವಾಗಿದ್ರೆ ಉಳೀತಿರಲಿಲ್ಲ," ಎಂದಳು ನರ್ಸಮ್ಮ ಹೊರಗೆ ಬಂದು. "ಇದು ಬಿಸಿಲಿನ ಆಘಾತ. ಈ ವಾರದಲ್ಲೇ ಇದು ಐದನೇದು. ನಾನು ಕೆಲಸಕ್ಕೆ ಸೇರಿದಾಗ ಇಡೀ ಬೇಸಿಗೆಗೆ ಒಂದೋ ಎರಡೋ ಬರ್ತಿತ್ತು."

"ಅವಳು ನೆರಳಲ್ಲೇ ಕೂತಿದ್ದಳಲ್ಲ!" ಎಂದಳು ಇಸ್ತ್ರಿಯಕ್ಕ.

"ತಗಡಿನ ಕೆಳಗಿನದು ನೆರಳಲ್ಲಮ್ಮ, ಒಲೆ. ಸಾಲದ್ದಕ್ಕೆ ಭೂಮಿನೇ ಬಿಸಿಯಾಗ್ತಿದೆ."

ಗಂಡ ಮುಖ ಸಿಂಡರಿಸಿದ. "ಅದೆಲ್ಲ ಟೀವಿಯೋರು ಹೇಳೋ ಕಥೆ ಬಿಡಿ. ಬೇಸಿಗೆ ಒಂದು ವರ್ಷ ಜಾಸ್ತಿ, ಒಂದು ವರ್ಷ ಕಮ್ಮಿ. ಸೂರ್ಯನಿಗೆ ಯಾರು ಲಗಾಮು ಹಾಕ್ತಾರೆ?"

"ಸೂರ್ಯನ ಶಾಖ ಅಳೆದು ನೋಡಿದ್ದಾರಣ್ಣ. ಅದೇನೂ ಏರಿಲ್ಲ. ತಪ್ಪು ಸೂರ್ಯನದೇ ಆಗಿದ್ರೆ ಹಗಲೇ ಹೆಚ್ಚು ಕಾಯಬೇಕಿತ್ತು. ಆದರೆ ಪ್ರಪಂಚದ ಎಷ್ಟೋ ಕಡೆ ಹಗಲಿಗಿಂತ ರಾತ್ರಿನೇ ಹೆಚ್ಚು ಬಿಸಿಯಾಗ್ತಿದೆ. ಯಾಕೆ ಹೇಳಿ?"

ಅವನು ಹೆಂಡತಿಯ ಮುಖ ನೋಡಿದ. ನರ್ಸಮ್ಮನೇ ಮುಂದುವರಿಸಿದಳು.

"ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಉರಿಸ್ತೀವಲ್ಲ, ಆ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಇದೆ. ಅದು ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಮೇಲೆ ನಿಲ್ಲುತ್ತೆ. ಬಿಸಿಲು ಒಳಗೆ ಬರುತ್ತೆ, ನೆಲದ ಕಾವು ಹೊರಗೆ ಹೋಗೋಕಾಗಲ್ಲ. ಅದನ್ನ ಹೀರಿಕೊಳ್ಳೋ ಕಾಡನ್ನೂ ಕಡಿದು ಹಾಕ್ತಿದ್ದೀವಿ. ದೊಡ್ಡ ಕಾರ್ಖಾನೆಗಳು ಬರೋಕೆ ಮುಂಚೆ ಇದ್ದದ್ದಕ್ಕಿಂತ ಈಗ ಆ ಅನಿಲ ಒಂದೂವರೆ ಪಟ್ಟು ಇದೆ. ಹಿಮದ ಗಡ್ಡೆ ಆಳಕ್ಕೆ ಕೊರೆದು, ಅದರೊಳಗೆ ಸಿಕ್ಕಿಬಿದ್ದ ಹಳೇ ಕಾಲದ ಗಾಳಿಯ ಗುಳ್ಳೆ ತೆಗೆದು ಲೆಕ್ಕ ಹಾಕಿದ್ದಾರೆ. ಊಹೆ ಅಲ್ಲ ಇದು."

"ಎಷ್ಟು ಬಿಸಿ ಏರಿದೆಯಂತೆ?" ಎಂದ ಗಂಡ.

"ಸರಾಸರಿ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು."

"ಒಂದು ಡಿಗ್ರಿಗೆ ಇಷ್ಟೊಂದು ರಾದ್ಧಾಂತಾನಾ?"

ನರ್ಸಮ್ಮ ಕೋಣೆಯ ಕಡೆ ಕೈ ತೋರಿಸಿದಳು. "ನಿಮ್ಮ ತಂಗಿ ಮೈ ಬಿಸಿ ಏರಿದ್ದು ನಾಲ್ಕೇ ಡಿಗ್ರಿ. ಸತ್ತ ತಾಯಿ ಜೊತೆ ಮಾತಾಡಿದಳಂತೆ. ಭೂಮಿಗೂ ಹಾಗೇ. ಒಂದು ಡಿಗ್ರಿಗೇ ಹಿಮ ಕರಗ್ತಿದೆ, ಸಮುದ್ರ ಉಕ್ತಿದೆ. ಒಂದು ಕಡೆ ಬೆಳೆ ಒಣಗಿದರೆ, ಇನ್ನೊಂದು ಕಡೆ ತಿಂಗಳ ಮಳೆ ಒಂದೇ ದಿನ ಸುರಿಯುತ್ತೆ."

ಅವನು ತಲೆ ತಗ್ಗಿಸಿದ. ಇಸ್ತ್ರಿಯಕ್ಕ ತಗ್ಗಿಸಲಿಲ್ಲ. ಅವಳ ಮೈಯೆಲ್ಲ ಉರಿಯುತ್ತಿತ್ತು. ಅರ್ಧ ಗಂಟೆ ತಡ್ಕೋ ಎಂದ ತನ್ನ ಬಾಯಿಯ ಮೇಲೆಯೇ ಮೊದಲು ಸಿಟ್ಟು. ಆಮೇಲೆ ಆ ಸಿಟ್ಟು ಬೆಳೆಯುತ್ತಾ ಹೋಯಿತು.

"ನಮ್ಮ ಮನೇಲಿ ಇರೋದು ಒಂದು ಫ್ಯಾನು, ಎರಡು ಬಲ್ಬು. ಇಷ್ಟೆಲ್ಲ ಉರಿಸಿದೋರು ಯಾರಮ್ಮ?"

"ಹೆಚ್ಚು ಉರಿಸಿದೋರು ಹೆಚ್ಚು ಇದ್ದೋರೇ. ಶ್ರೀಮಂತ ದೇಶಗಳು, ದೊಡ್ಡ ಕಂಪನಿಗಳು, ಮನೆಗೆ ನಾಲ್ಕು ಕಾರು ಇರೋರು."

"ಉರಿ ಹಚ್ಚೋರು ಅವರು, ಬೇಯೋರು ನಾವಾ?"

ನರ್ಸಮ್ಮ ಅದಕ್ಕೆ ಸಮಾಧಾನ ಹೇಳಲಿಲ್ಲ. "ಹುಡುಗಿ ಎಲ್ಲಿ ಕೂತಿದ್ದಳು? ಮೊದಲು ಆ ಜಾಗ ನೋಡಿ," ಎಂದು ಗೋಡೆಗೆ ನೇತುಹಾಕುವ ಒಂದು ಥರ್ಮಾಮೀಟರ್ ಕೊಟ್ಟಳು.

ಮರುದಿನ ಮಧ್ಯಾಹ್ನ ಇಸ್ತ್ರಿಯಕ್ಕ ಅದನ್ನು ತನ್ನ ಮೇಜಿನ ಪಕ್ಕ ಇಟ್ಟಳು. ನಲವತ್ತೊಂದು. ನಾದಿನಿ ಕೂರುತ್ತಿದ್ದ ಕಡೆ ಇಟ್ಟಳು. ನಲವತ್ತಾರು! ಹಬೆ ಇಸ್ತ್ರಿಯ ಪಕ್ಕಕ್ಕಿಂತ ಹೊಲಿಗೆ ಯಂತ್ರದ ಪಕ್ಕ ಹೆಚ್ಚು ಬಿಸಿ ಹೇಗೆ? ತಲೆ ಎತ್ತಿ ನೋಡಿದಳು. ಗೋಡೆಯ ಆ ಕಡೆ ಮಾಲೀಕರ ಕೋಣೆ. ಅವರ ಏಸಿಯ ಹಿಂಭಾಗದ ಪೆಟ್ಟಿಗೆ ಗೋಡೆಯ ಈ ಕಡೆ, ಶೆಡ್ಡಿನ ಒಳಗೇ ಕೂತಿತ್ತು. ಅವರ ಕೋಣೆಯ ಕಾವನ್ನೆಲ್ಲ ಹೀರಿ ಕಾಲರ್ ಸಾಲಿನ ಹೆಂಗಸರ ತಲೆಯ ಮೇಲೆ ಉಗುಳುತ್ತಿತ್ತು.

ಇಸ್ತ್ರಿಯಕ್ಕ ಹೋಗಿ ತನ್ನ ಇಸ್ತ್ರಿ ಆರಿಸಿದಳು. ಆಮೇಲೆ ಗಂಟಲು ಹರಿಯುವ ಹಾಗೆ ಕೂಗಿದಳು.

"ಯಂತ್ರ ನಿಲ್ಲಿಸ್ರೇ! ಎಲ್ಲರೂ ಬಂದು ಇಲ್ಲಿ ಕೈ ಒಡ್ಡಿ ನೋಡಿ!"

ಒಬ್ಬೊಬ್ಬರಾಗಿ ಬಂದು ಆ ಬಿಸಿ ಗಾಳಿಗೆ ಕೈಯೊಡ್ಡಿದರು. ಯಂತ್ರಗಳ ಸದ್ದು ನಿಂತದ್ದು ಕೇಳಿ ಮಾಲೀಕರು ಹೊರಗೆ ಬಂದರು.

"ಏನಮ್ಮ ಇದು? ಪ್ರಪಂಚಕ್ಕೇ ಸೆಕೆ. ನಾನೇನು ಮಾಡ್ಲಿ?"

"ಪ್ರಪಂಚದ ಮಾತು ಆಮೇಲೆ ಆಡೋಣ ಸ್ವಾಮಿ. ಈ ಪೆಟ್ಟಿಗೆ ಇಲ್ಲಿ ಇಡಿಸಿದ್ದು ಪ್ರಪಂಚವಾ, ನೀವಾ?" ಇಸ್ತ್ರಿಯಕ್ಕ ಕುರ್ಚಿ ಎಳೆದು ಆ ಪೆಟ್ಟಿಗೆಯ ಕೆಳಗೆ ಇಟ್ಟಳು. "ಕೂತ್ಕೊಳ್ಳಿ. ಅರ್ಧ ಗಂಟೆ ಕೂತ್ಕೊಳ್ಳಿ. ಆಮೇಲೆ ನೀವು ಹೇಳಿದ ಹಾಗೆ ಕೇಳ್ತೀವಿ."

ಮಾಲೀಕರು ಕೂರಲಿಲ್ಲ. ಕೆಲಸದಿಂದ ತೆಗೆಯುತ್ತೇನೆ ಎಂದರು. ಅಷ್ಟು ಹೆಂಗಸರಲ್ಲಿ ಒಬ್ಬಳೂ ತನ್ನ ಯಂತ್ರಕ್ಕೆ ಹಿಂದಿರುಗಲಿಲ್ಲ. ಎರಡು ದಿನ ಶೆಡ್ಡು ನಿಂತಿತು. ಮೂರನೇ ದಿನ ಆ ಪೆಟ್ಟಿಗೆ ಹೊರಗಿನ ಗೋಡೆಗೆ ಹೋಯಿತು. ತಗಡಿಗೆ ಬಿಳಿ ಸುಣ್ಣ ಬಿತ್ತು, ಮುಚ್ಚಿದ್ದ ಕಿಟಕಿಗಳು ತೆರೆದವು. ಬೇಸಿಗೆ ಮುಗಿಯುವ ತನಕ ಕೆಲಸ ಬೆಳಗ್ಗೆ ಆರಕ್ಕೆ ಶುರು, ನಡುಮಧ್ಯಾಹ್ನ ಬಿಡುವು, ಸಾಲಿಗೊಂದು ಕುಡಿಯುವ ನೀರಿನ ಕ್ಯಾನು.

ಶೆಡ್ಡಿನ ಹಿಂದುಗಡೆ ಇಸ್ತ್ರಿಗೆ ಹಬೆ ಕೊಡುವ ಬಾಯ್ಲರ್ ಮಾತ್ರ ಇವತ್ತಿಗೂ ಕಲ್ಲಿದ್ದಲನ್ನೇ ಉರಿಸುತ್ತಿದೆ. ಅದರ ವಿರುದ್ಧ ಬರೆದ ಅರ್ಜಿಗೆ ಆ ಬೀದಿಯ ಇನ್ನೂರು ಜನ ಸಹಿ ಹಾಕಿದ್ದಾರೆ. ಕಾಗದ ಹಿಡಿದು ಮನೆಮನೆ ಸುತ್ತಿದವನು ಇಸ್ತ್ರಿಯಕ್ಕನ ಗಂಡ. "ಟೀವಿಯೋರ ಕಥೆ ಅಂದುಕೊಂಡಿದ್ದೆ ಕಣೇ. ನಮ್ಮ ಮನೆಗೇ ಬಂತು," ಎಂದ ಹೆಂಡತಿಗೆ. ಈಗ ಸರಕಿಗಾಗಿ ಕಾಯುವಾಗ ವ್ಯಾನಿನ ಎಂಜಿನ್ ಆರಿಸುತ್ತಾನೆ.

ನಾದಿನಿ ಬದುಕಿದಳು. ಆದರೆ ಅವಳ ಕೈ ಇನ್ನೂ ನಡುಗುತ್ತದೆ. ಕಾಲರ್ ಹೊಲಿಯುವುದಕ್ಕೆ ಆಗುತ್ತಿಲ್ಲ. ಗುಂಡಿ ಎಣಿಸಿ ಕೊಡುವ ಕೆಲಸಕ್ಕೆ ಕೂತಿದ್ದಾಳೆ. ಅವಳನ್ನು ನೋಡಿದಾಗಲೆಲ್ಲ ಇಸ್ತ್ರಿಯಕ್ಕನ ಸಿಟ್ಟು ಮತ್ತೆ ಹೊತ್ತಿಕೊಳ್ಳುತ್ತದೆ. ಅದು ಆರಬಾರದು ಎಂದೇ ಅವಳ ಆಸೆ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸೆಕೆಯಲ್ಲಿ ಯಾರಾದರೂ ತಲೆ ಸಿಡಿಯುತ್ತಿದೆ ಎಂದರೆ ತಡ್ಕೋ ಎನ್ನಬೇಡಿ. ತಕ್ಷಣ ತಂಪು ಜಾಗಕ್ಕೆ ಕರೆದೊಯ್ದು ನೀರು ಕುಡಿಸಿ. ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ನೀರು ಹಾಕಬೇಡಿ. ಮೈಮೇಲೆ ತಣ್ಣೀರು ಸುರಿಯುತ್ತಲೇ ಆಸ್ಪತ್ರೆಗೆ ಸಾಗಿಸಿ. ನಿಮ್ಮ ಕೈಲಾದಷ್ಟು ಇಂಧನ ಉಳಿಸಿ, ಇರುವ ಮರ ಉಳಿಸಿಕೊಳ್ಳಿ. ಆದರೆ ತಪ್ಪೆಲ್ಲ ನಿಮ್ಮದೇ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಲ್ಲಿದ್ದಲು ಯಾವಾಗ ನಿಲ್ಲಿಸುತ್ತೀರಿ ಎಂದು ಕೇಳಿ. ಮಾಲೀಕರನ್ನು ಕೇಳಿ, ಅಧಿಕಾರಿಗಳನ್ನು ಕೇಳಿ, ಓಟು ಕೇಳಲು ಮನೆ ಬಾಗಿಲಿಗೆ ಬಂದವರನ್ನು ನಿಲ್ಲಿಸಿ ಕೇಳಿ. ಉತ್ತರ ಸಿಗುವ ತನಕ ದಾರಿ ಬಿಡಬೇಡಿ.