ಇಬ್ಬರಿಗೊಂದು ಕೋಣೆ

ಡಬಲ್ ಅಂದರೆ ಎರಡು ಹಾಸಿಗೆ ಎಂದುಕೊಂಡು ಕೋಣೆ ಗೊತ್ತುಮಾಡಿದ್ದು ಹಿಸಾಯೋ. ಅದರ ಫಲ ಅನುಭವಿಸಿದ್ದು ಮಾತ್ರ ಚಿಗುಸಾ.

ಸೋಮವಾರ ಸಂಜೆ, ನಗೋಯಾ ನಿಲ್ದಾಣದ ಹಿಂಬದಿಯ ಆ ಹೋಟೆಲಿನ ಒಂಬತ್ತನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಇಬ್ಬರೂ ಹೊಸ್ತಿಲಲ್ಲೇ ನಿಂತರು. ಒಳಗೆ ಇದ್ದದ್ದು ಒಂದೇ ಹಾಸಿಗೆ. ಅದರ ಮೂರು ಬದಿಗೂ ಗೋಡೆ. ಉಳಿದ ಒಂದು ಬದಿಯಲ್ಲಿ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಅದರ ಕೊನೆಗೆ ಮುಷ್ಟಿಯಗಲದ ಮೇಜು, ಮೇಜಿನ ಮೇಲೆ ಟೀವಿ, ಟೀವಿಯ ಪಕ್ಕ ಕೆಟಲ್. ಕಿಟಕಿಯ ಆಚೆ ಪಕ್ಕದ ಕಟ್ಟಡದ ಗೋಡೆ, ಕೈಚಾಚಿದರೆ ಸಿಗುವಂತಿತ್ತು.

"ಇಬ್ಬರಿಗೆ ಅಂತ ಹೇಳಿದ್ದೆನಲ್ಲ," ಎಂದಳು ಹಿಸಾಯೋ.

"ಇಬ್ಬರಿಗೇ ಅಕ್ಕ ಇದು. ಗಂಡ ಹೆಂಡತಿ ಇಬ್ಬರಿಗೆ."

ಹಿಸಾಯೋ ಚಿಗುಸಾಳ ಗಂಡನ ಅಕ್ಕ. ವಯಸ್ಸು ಅರವತ್ತಮೂರು. ಗುಜೋ ಊರಿನ ಶಾಲೆಯಲ್ಲಿ ಹನ್ನೊಂದು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ಚಿಗುಸಾ ಅದೇ ಊರಿನ ಶಾಲೆಗಳಿಗೆ ಮಧ್ಯಾಹ್ನದ ಊಟ ಬೇಯಿಸುವ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಅವಳ ಗಂಡ ಯಾಸುನೊರಿ ಮರದ ಮಿಲ್ಲಿನಲ್ಲಿ ದಿಮ್ಮಿ ಎತ್ತಿ ಎತ್ತಿ ಬೆನ್ನು ಹಾಳು ಮಾಡಿಕೊಂಡು, ಎರಡು ತಿಂಗಳಿಂದ ಬಗ್ಗಲೂ ಆಗದೆ, ಕೊನೆಗೆ ನಗೋಯಾದ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಸೇರಿದ್ದ. ಆ ದಿನ ಬೆಳಿಗ್ಗೆ ಮೂವರೂ ಬಸ್ಸಿನಲ್ಲಿ ಬಂದಿದ್ದರು. ಶಸ್ತ್ರಚಿಕಿತ್ಸೆ ಬುಧವಾರ. ಚಿಗುಸಾ ಒಬ್ಬಳೇ ಸಾಕು ಎಂದು ಗಂಡ ಹೇಳಿದ್ದ. "ನೀನು ಸುಮ್ಮನಿರು," ಎಂದು ಅಕ್ಕ ಗದರಿದ್ದಳು. ಅವನು ಸುಮ್ಮನಾಗಿದ್ದ. ಐವತ್ತೊಂದು ವರ್ಷದಿಂದ ಹಾಗೆಯೇ ಸುಮ್ಮನಾಗುತ್ತ ಬಂದವನು.

ಚಿಗುಸಾ ಕೆಳಗೆ ಹೋಗಿ ಕೌಂಟರಿನಲ್ಲಿ ಕೇಳಿದಳು. ಈ ವಾರವೆಲ್ಲ ಕ್ರೀಡಾಂಗಣದಲ್ಲಿ ಯಾವುದೋ ಹಾಡುಗಾರರ ತಂಡದ ಕಾರ್ಯಕ್ರಮವಂತೆ, ಊರಿನಲ್ಲಿ ಒಂದು ಕೋಣೆಯೂ ಖಾಲಿ ಇಲ್ಲವಂತೆ. ಕೌಂಟರಿನ ಹುಡುಗಿ ಸೊಂಟ ಮುರಿಯುವಷ್ಟು ಬಗ್ಗಿ ಕ್ಷಮೆ ಕೇಳಿದಳು. ಕ್ಷಮೆಯಿಂದ ಹಾಸಿಗೆ ಅಗಲವಾಗಲಿಲ್ಲ.

ವಾಪಸು ಬಂದಾಗ ಹಿಸಾಯೋ ತನ್ನ ಪೆಟ್ಟಿಗೆಯನ್ನು ಹಾಸಿಗೆಯ ಮೇಲೆ ಬಿಚ್ಚಿಟ್ಟಿದ್ದಳು. ನೆಲದಲ್ಲಿ ಬಿಚ್ಚಲು ಜಾಗವಿರಲಿಲ್ಲ. ಒಬ್ಬಳು ಬಚ್ಚಲಿಗೆ ಹೋಗಬೇಕಾದರೆ ಇನ್ನೊಬ್ಬಳು ಕಾಲು ಮಡಚಿ ಹಾಸಿಗೆ ಹತ್ತಬೇಕಿತ್ತು. ಬಾಗಿಲು ತೆರೆಯಲು ಹೋಟೆಲಿನವರು ಕೊಟ್ಟಿದ್ದ ಎರಡು ಕಾರ್ಡುಗಳಲ್ಲಿ ಒಂದನ್ನು ಹಿಸಾಯೋ ಮೊದಲೇ ಹಿಂದಿರುಗಿಸಿದ್ದಳು. "ಎರಡಿದ್ರೆ ಒಂದು ಕಳ್ದೇ ಹೋಗುತ್ತೆ. ಒಂದಿದ್ರೆ ಜವಾಬ್ದಾರಿ ಇರುತ್ತೆ," ಎಂದಿದ್ದಳು.

ಆ ರಾತ್ರಿಯ ವಿಷಯ ಹೆಚ್ಚು ಹೇಳುವುದು ಬೇಡ. ಹಿಸಾಯೋ ಮಲಗಿದ ಐದೇ ನಿಮಿಷಕ್ಕೆ ಗೊರಕೆ ಹೊಡೆದಳು, ಮತ್ತು ನಿದ್ದೆಯಲ್ಲೂ ಮೊಣಕೈಯಿಂದ ತನ್ನ ಗಡಿಯನ್ನು ಕಾಯ್ದುಕೊಂಡಳು. ಚಿಗುಸಾ ಗೋಡೆಗೆ ಅಂಟಿಕೊಂಡ ಹಲ್ಲಿಯಂತೆ ಬೆಳಗು ಮಾಡಿದಳು.

ಮಂಗಳವಾರ ಬೆಳಿಗ್ಗೆ ಅವಳು ಸ್ನಾನ ಮಾಡುತ್ತಿದ್ದಾಗ ದಿಢೀರನೆ ದೀಪ ಹೋಯಿತು. ತಲೆ ತುಂಬ ಶಾಂಪೂ, ಕಣ್ಣು ಬಿಡುವಂತಿಲ್ಲ, ಬಿಟ್ಟರೂ ಏನೂ ಕಾಣುವಂತಿಲ್ಲ. "ಅಕ್ಕ," ಎಂದು ಕರೆದಳು. ಉತ್ತರವಿಲ್ಲ. ಮೊದಲು ಭೂಕಂಪವೇನೋ ಎಂದು ಎದೆ ಹಾರಿತು. ಆಮೇಲೆ ಅರ್ಥವಾಯಿತು. ಬಾಗಿಲ ಪಕ್ಕದ ಸೀಳಿನಲ್ಲಿ ಕಾರ್ಡ್ ಇದ್ದರೆ ಮಾತ್ರ ಕೋಣೆಗೆ ಕರೆಂಟು. ಅತ್ತಿಗೆ ಪದವಿಯ ಆ ಮಹಾತಾಯಿ ಕಾರ್ಡ್ ಕಿತ್ತುಕೊಂಡು ತಿಂಡಿಗೆ ಹೋಗಿದ್ದಳು. ಚಿಗುಸಾ ತಡವರಿಸಿ ತಲೆ ತೊಳೆದು, ಹೊಸ್ತಿಲಿಗೆ ಬೆರಳು ಎಡವಿಕೊಂಡು, ಕತ್ತಲಲ್ಲೇ ಬಟ್ಟೆ ಹಾಕಿಕೊಂಡು ಕೆಳಗಿಳಿದಳು. ಲಿಫ್ಟಿನ ಕನ್ನಡಿಯಲ್ಲಿ ನೋಡಿದರೆ ಸ್ವೆಟರ್ ಹಿಂದುಮುಂದಾಗಿತ್ತು.

ತಿಂಡಿಯ ಕೋಣೆಯಲ್ಲಿ ಹಿಸಾಯೋ ಯಾರೋ ಸೇಲ್ಸ್‌ಮನ್ ಒಬ್ಬನ ಎದುರಿಗೆ ಕೂತಿದ್ದಳು. ಅವನು ತಲೆ ತಗ್ಗಿಸಿ ಗಬಗಬ ತಿನ್ನುತ್ತಿದ್ದ.

"ಬರೀ ಸಾಸೇಜು ಹಾಕ್ಕೊಂಡಿದೀರಿ. ಸೊಪ್ಪಿಲ್ಲ, ತರಕಾರಿ ಇಲ್ಲ. ಮನೇಲಿ ಹೀಗೇ ತಿಂತೀರಾ?" ಎಂದು ಅವನನ್ನು ವಿಚಾರಿಸುತ್ತಿದ್ದಳು.

"ಇಲ್ಲ... ಹೌದು," ಎಂದು ಅವನು ತಟ್ಟೆ ಎತ್ತಿಕೊಂಡು ಎದ್ದುಹೋದ.

ಚಿಗುಸಾ ಆ ಕುರ್ಚಿಯಲ್ಲಿ ಕೂತಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಕ್ಕ, ಕಾರ್ಡ್ ತೊಗೊಂಡು ಬಂದ್ರಾ?"

"ಹ್ಞೂಂ. ಯಾಕೆ?"

"ನಾನು ಬಚ್ಚಲಲ್ಲಿದ್ದೆ. ದೀಪ ಹೋಯ್ತು."

"ಮೈ ತೊಳ್ಯೋಕೆ ದೀಪ ಬೇಕಾ? ನಿನ್ನ ಮೈ ಎಲ್ಲೆಲ್ಲಿದೆ ಅಂತ ನಿನಗೇ ಗೊತ್ತಿಲ್ವಾ?"

"ಆ ಕಾರ್ಡ್ ಅಲ್ಲೇ ಇರ್ಬೇಕು ಅಕ್ಕ. ಅದು ಇದ್ರೇನೇ ಕರೆಂಟು. ಅಲ್ಲೇ ಬಿಟ್ಬಿಡಿ."

"ಬೀಗದಕೈ ಒಳಗೇ ಬಿಟ್ಟು ಹೊರಗೆ ಬರೋ ಪದ್ಧತಿ ನಾನೆಲ್ಲೂ ಕಂಡಿಲ್ಲಪ್ಪ," ಎಂದು ಹಿಸಾಯೋ ಸಿಹಿ ಹೂರಣ ಹಚ್ಚಿದ ಟೋಸ್ಟನ್ನು ಕಚ್ಚಿದಳು. "ಆಯ್ತು. ನೀನು ಹೇಳ್ತೀಯ ಅಂತ ಬಿಡ್ತೀನಿ. ಸ್ವೆಟರ್ ತಿರುಗಿಸಿ ಹಾಕ್ಕೋ, ಜನ ನೋಡ್ತಿದಾರೆ."

ಇಷ್ಟನ್ನೂ ಚಿಗುಸಾ ನುಂಗಿಕೊಂಡಳು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನುಂಗುವುದು ರೂಢಿಯಾಗಿತ್ತು. ನುಂಗಲಾಗದ್ದು ನಡೆದದ್ದು ಮಧ್ಯಾಹ್ನ, ಆಸ್ಪತ್ರೆಯಲ್ಲಿ.

ಸಾಂಕ್ರಾಮಿಕ ಜ್ವರದ ಹಾವಳಿಯ ಕಾಲದಿಂದ ಅಲ್ಲಿ ರೋಗಿಯನ್ನು ನೋಡಲು ದಿನಕ್ಕೆ ಒಬ್ಬರಿಗೆ ಮಾತ್ರ ಅವಕಾಶ, ಅದೂ ಹದಿನೈದು ನಿಮಿಷ. ಶಸ್ತ್ರಚಿಕಿತ್ಸೆಯ ದಿನ ಮಾತ್ರ ಇಬ್ಬರು ಹೊರಗೆ ಕಾಯಬಹುದು. ಎರಡು ಗಂಟೆಗೆ ಇಬ್ಬರೂ ಕೌಂಟರಿಗೆ ಹೋದಾಗ ನರ್ಸಮ್ಮ ಪಟ್ಟಿ ನೋಡಿ, "ಇವತ್ತಿಗೆ ಹಿಸಾಯೋ ಅವರ ಹೆಸರಿದೆ," ಎಂದಳು.

"ನಾನು ಹೆಂಡತಿ," ಎಂದಳು ಚಿಗುಸಾ.

"ಮುಖ್ಯ ಸಂಬಂಧಿ ಅನ್ನೋ ಜಾಗದಲ್ಲಿ ಅಕ್ಕ ಅಂತ ಬರೆದಿದೆ. ಬದಲಾಯಿಸಬೇಕಾದ್ರೆ ಹಿಂದಿನ ದಿನ ಸಂಜೆಯೊಳಗೆ ಹೇಳ್ಬೇಕು."

ಚಿಗುಸಾ ಹಿಸಾಯೋಳ ಮುಖ ನೋಡಿದಳು. ಹಿಸಾಯೋ ಚೀಲದಿಂದ ಮಾಸ್ಕ್ ತೆಗೆಯುತ್ತಿದ್ದಳು.

"ನಿನ್ನೆ ನೀನು ಅವನ ಬೂಟು ಬಿಚ್ಚುತ್ತಿದ್ದೆ. ಫಾರಂ ಕೊಟ್ಟರು, ನಾನು ತುಂಬಿದೆ. ನನ್ನ ಅಕ್ಷರ ಚೆನ್ನಾಗಿದೆ."

"ನೀವು ನನ್ನ ಹೆಸರು ಬರೀಬಹುದಿತ್ತು."

"ನಾಳೆ ಹೇಗೂ ಇಬ್ಬರೂ ಇರ್ತೀವಲ್ಲ," ಎಂದು ಹಿಸಾಯೋ ಲಿಫ್ಟಿನೊಳಗೆ ಹೋದಳು. ಬಾಗಿಲು ಮುಚ್ಚಿತು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಗಂಡನ ಮುಖ ನೋಡಲಾಗಲಿಲ್ಲ ಎನ್ನುವುದು ಚಿಗುಸಾಳ ಮನಸ್ಸಿಗೆ ಮೆಲ್ಲಮೆಲ್ಲಗೆ ಇಳಿಯಿತು. ಮೊದಲು ಅಳು ಬಂದೀತೆಂದುಕೊಂಡಳು. ಬಂದದ್ದು ಸಿಟ್ಟು. ಅಡುಗೆಮನೆಯ ದೊಡ್ಡ ಹಂಡೆಯಲ್ಲಿ ಸಾರು ಉಕ್ಕುವ ಮುಂಚೆ ಹೇಗೆ ಅಂಚಿನಲ್ಲಿ ಸಣ್ಣಗೆ ಗುಳುಗುಳು ಎನ್ನುತ್ತದೋ ಹಾಗೆ. ಅವಳು ಹಿಸಾಯೋಳಿಗೆ ಕಾಯಲಿಲ್ಲ. ಸುರಂಗರೈಲು ಹಿಡಿದು ನೇರ ಹೋಟೆಲಿಗೆ ಬಂದಳು.

"ಒಂದು ಕೋಣೆ ಕೊಡಿ," ಎಂದಳು ಕೌಂಟರಿನ ಹುಡುಗಿಗೆ. "ಎಂಥದ್ದಾದ್ರೂ ಸರಿ. ಪೊರಕೆ ಇಡೋ ಜಾಗ ಆದ್ರೂ ಸರಿ."

ಹುಡುಗಿ ಅವಳ ಮುಖ ನೋಡಿ, ಕಂಪ್ಯೂಟರಿನಲ್ಲಿ ಬಹಳ ಹೊತ್ತು ತಡಕಾಡಿದಳು. "ಈಗಷ್ಟೇ ಒಬ್ಬರು ಬೇಡ ಅಂದಿದ್ದಾರೆ. ಮೂರನೇ ಮಹಡಿ, ಒಬ್ಬರ ಕೋಣೆ. ಆದ್ರೆ ಅದು ಸಿಗರೇಟು ಸೇದೋರ ಕೋಣೆ."

"ನಾನೂ ಸೇದ್ತೀನಿ," ಎಂದಳು ಹುಟ್ಟಿದಾಗಿನಿಂದ ಸೇದದ ಚಿಗುಸಾ.

ಮೇಲಿನ ಕೋಣೆಗೆ ಇನ್ನೊಂದು ಕಾರ್ಡ್ ಮಾಡಿಸಿಕೊಂಡು ಹೋಗಿ ತನ್ನ ಚೀಲ ಎತ್ತಿಕೊಂಡಳು. ಮೇಜಿನ ಮೇಲಿದ್ದ ಚೀಟಿಯಲ್ಲಿ, "ನಾನು ೩೧೪ರಲ್ಲಿ ಇದ್ದೇನೆ. ನೀವು ಆರಾಮವಾಗಿ ಮಲಗಿ," ಎಂದು ಬರೆದಿಟ್ಟಳು. ಎರಡನೇ ವಾಕ್ಯ ಒಳ್ಳೆಯ ಮನಸ್ಸಿನಿಂದ ಬರೆದದ್ದಲ್ಲ.

ಮುನ್ನೂರ ಹದಿನಾಲ್ಕರ ಗೋಡೆ, ಪರದೆ, ದಿಂಬು ಎಲ್ಲಕ್ಕೂ ಹಳೇ ಹೊಗೆಯ ವಾಸನೆ. ಕಿಟಕಿಯ ಹೊರಗೆ ಏಸಿಯ ಯಂತ್ರಗಳು ಗುಡುಗುಡು ಎನ್ನುತ್ತಿದ್ದವು. ಚಿಗುಸಾ ಬೂಟು ಒದ್ದು, ಕೈಕಾಲು ನಾಲ್ಕು ದಿಕ್ಕಿಗೂ ಚಾಚಿ ಬಿದ್ದುಕೊಂಡಳು. ಯಾರ ಮೊಣಕೈಯೂ ತಾಗಲಿಲ್ಲ. ಎರಡು ಗಂಟೆ ಕಾಲ ಸತ್ತಂತೆ ನಿದ್ದೆ ಹೋದಳು.

ಎಬ್ಬಿಸಿದ್ದು ಗಂಡನ ಫೋನು.

"ಎಲ್ಲಿದೀಯ? ನೀನು ಬರ್ತೀಯ ಅಂತ ಕಾಯ್ತಿದ್ದೆ," ಎಂದ ಯಾಸುನೊರಿ. ವಾರ್ಡಿನ ಮೂಲೆಯಿಂದ ಪಿಸುಗುಟ್ಟುತ್ತಿದ್ದ.

"ನಿಮ್ಮಕ್ಕನ್ನ ಕೇಳಿ. ಫಾರಮ್ಮಿನಲ್ಲಿ ಮುಖ್ಯ ಸಂಬಂಧಿ ಅವರೇ ಅಂತೆ."

"ಅಯ್ಯೋ. ಅವಳು ಬಂದು ಒಂದು ಮಾತಾಡ್ಲಿಲ್ಲ ಕಣೆ. ಹದಿನೈದು ನಿಮಿಷವೂ ನನ್ನ ಕಾಲಿನ ಉಗುರು ಕತ್ತರಿಸಿದಳು. ನರ್ಸು, ಪಕ್ಕದ ಹಾಸಿಗೆಯವನು, ಎಲ್ಲ ನೋಡ್ತಿದ್ರು. ಟೈಮ್ ಆಯ್ತು ಅಂದಾಗ ಒಂದು ಕಾಲು ಮುಗಿದಿತ್ತು ಅಷ್ಟೆ."

"ಇನ್ನೊಂದು ಕಾಲು?"

"ಹಾಗೇ ಇದೆ."

ಚಿಗುಸಾಳಿಗೆ ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಹೆದರಿಕೆ ಆಗ್ತಿದೆಯಾ?" ಎಂದು ಕೇಳಿದಳು.

"ಸ್ವಲ್ಪ," ಎಂದ.

ಫೋನಿಟ್ಟ ಮೇಲೆ ಅವಳು ಮುಖ ತೊಳೆದು, ಜಗಳಕ್ಕೆಂದೇ ಕೂದಲು ಗಂಟು ಕಟ್ಟಿಕೊಂಡು ಒಂಬತ್ತನೇ ಮಹಡಿಗೆ ಹೊರಟಳು. ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡಳು. ಲಿಫ್ಟಿನಲ್ಲಿ ಹೇಳಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡಳು.

ಲಿಫ್ಟಿನ ಬಾಗಿಲು ತೆರೆದರೆ ಹಿಸಾಯೋ ಎದುರಿಗೇ ಇದ್ದಳು. ಮೊಣಕಾಲಿನವರೆಗೆ ಬರುವ ಹೋಟೆಲಿನ ಮಲಗುವ ನಿಲುವಂಗಿ, ಕಾಲಿಗೆ ಕಾಗದದಂಥ ಚಪ್ಪಲಿ. ಎರಡೂ ಕೈಯಲ್ಲಿ ಐಸಿನ ಡಬ್ಬಿ ಹಿಡಿದುಕೊಂಡು ಐಸ್ ಯಂತ್ರದ ಪಕ್ಕ ನೆಟ್ಟಗೆ ನಿಂತಿದ್ದಳು. ಶಾಲೆಯ ಪ್ರಾರ್ಥನೆಗೆ ನಿಂತಂತೆ.

"ಏನಾಯ್ತು?"

"ಏನಿಲ್ಲ. ಐಸು."

"ಯಾವಾಗಿಂದ ಇಲ್ಲಿದೀರಿ?"

ಹಿಸಾಯೋ ಗೋಡೆ ನೋಡಿದಳು. "ಐದು ಗಂಟೆಯಿಂದ."

ಆಗ ಆರು ಹತ್ತಾಗಿತ್ತು.

"ಕಾರ್ಡ್ ಒಳಗೇ ಬಿಟ್ಟೆ," ಎಂದಳು ಹಿಸಾಯೋ. "ನೀನೇ ತಾನೆ ಬಿಡು ಅಂದಿದ್ದು. ಫೋನೂ ಒಳಗೇ ಇದೆ. ಬಾಗಿಲು ತಾನಾಗೇ ಹಾಕ್ಕೊಂಡ್ತು."

"ಕೆಳಗೆ ಹೋಗಿ ಕೇಳಿದ್ರೆ ತೆಗೀತಿದ್ರಲ್ಲ. ನನ್ನ ಕೋಣೆಗಾದ್ರೂ ಬರಬಹುದಿತ್ತು, ಚೀಟಿ ಬರೆದಿದ್ದೆ."

"ಈ ವೇಷದಲ್ಲಾ? ಲಿಫ್ಟಿನ ತುಂಬ ಗಂಡಸರು. ಆ ಸಾಸೇಜಿನವನು ಎರಡು ಸಲ ಹೋದ. ಎರಡು ಸಲವೂ ನಾನು ಡಬ್ಬಿಗೆ ಐಸ್ ತುಂಬಿಸಿದೆ."

ಡಬ್ಬಿಯಲ್ಲಿ ಐಸು ಅರ್ಧ ಕರಗಿತ್ತು. ಅವಳ ಬೆರಳುಗಳು ಕೆಂಪಾಗಿದ್ದವು. ಚಿಗುಸಾ ತನ್ನಲ್ಲಿದ್ದ ಕಾರ್ಡಿನಿಂದ ಬಾಗಿಲು ತೆಗೆದಳು. ಡಬ್ಬಿ ಕಿತ್ತುಕೊಂಡು ಬಚ್ಚಲಿಗೆ ಸುರಿದು, ಕೆಟಲಿನಲ್ಲಿ ನೀರು ಕಾಯಿಸಿ ಚಹಾ ಮಾಡಿಕೊಟ್ಟಳು. ಕೂರಲು ಬೇರೆ ಜಾಗವಿಲ್ಲದ್ದರಿಂದ ಇಬ್ಬರೂ ಹಾಸಿಗೆಯ ಅಂಚಿನಲ್ಲಿ, ಬಸ್ಸಿಗೆ ಕಾಯುವವರ ಹಾಗೆ, ಪಕ್ಕಪಕ್ಕ ಕೂತರು. ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಅರ್ಧ ಮರೆತುಹೋಗಿದ್ದವು. ಉಳಿದದ್ದನ್ನು ಹೇಳಿದಳು.

"ಅಕ್ಕ, ಅವರು ನನ್ನ ಗಂಡ. ನಾಡಿದ್ದಿನಿಂದ ನಾನು ಹೋಗ್ತೀನಿ. ನಾಳೆ ಬೆಳಿಗ್ಗೆ ಕೌಂಟರಿನಲ್ಲಿ ನೀವೇ ಹೆಸರು ಬದಲಾಯಿಸ್ಬೇಕು. ನಾನು ಕೇಳ್ತಾ ಇಲ್ಲ, ಹೇಳ್ತಾ ಇದೀನಿ."

ಹಿಸಾಯೋ ಚಹಾ ಊದಿದಳು. ಊದಿ ಊದಿ ಅದು ಆರಿಹೋಗಿರಬೇಕು.

"ಅಮ್ಮನಿಗೆ ಆಪರೇಷನ್ ಆದಾಗ ನಾನು ಊರಲ್ಲಿರಲಿಲ್ಲ," ಎಂದಳು. "ಮೇಷ್ಟ್ರ ಕೆಲಸದ ಪರೀಕ್ಷೆ ಇತ್ತು. ಏನೂ ಆಗಲ್ಲ, ಹೋಗು ಅಂದಳು. ವಾಪಸು ಬಂದಾಗ ಅಮ್ಮ ಇರಲಿಲ್ಲ, ಯಾಸು ಒಬ್ಬನೇ ಜಗಲಿ ಮೇಲೆ ಕೂತಿದ್ದ. ಒಂಬತ್ತು ವರ್ಷ ಅವನಿಗೆ. ಉಗುರೆಲ್ಲ ಬೆಳೆದು ಮಣ್ಣು ತುಂಬಿತ್ತು."

ಈ ಸಂಗತಿಯನ್ನು ಚಿಗುಸಾ ಗಂಡನ ಬಾಯಲ್ಲಿ ಕೇಳಿದ್ದಳು, ಉಗುರಿನ ಮಾತೊಂದನ್ನು ಬಿಟ್ಟು. ಮರುಕ ಬಂದದ್ದು ನಿಜ. ಆದರೆ ಮರುಕದ ಪಕ್ಕದಲ್ಲೇ ಸಿಟ್ಟೂ ಕಾಲು ಚಾಚಿಕೊಂಡು ಕೂತಿತ್ತು, ಎದ್ದುಹೋಗಲಿಲ್ಲ.

"ಅದಕ್ಕೇ ಬಂದಿರಿ ಅಂತ ಗೊತ್ತು," ಎಂದಳು. "ಬರಬೇಡಿ ಅಂದಿಲ್ಲ. ಹೆಸರು ಬದಲಾಯಿಸಿ ಅಂದೆ."

"ಎರಡು ಸಲ ಹೇಳೋದು ಬೇಡ. ನನಗೆ ಕಿವಿ ಕೇಳಿಸುತ್ತೆ."

ಆಮೇಲೆ ಹಿಸಾಯೋ ಅವಳ ಕಡೆ ಬಗ್ಗಿ ಮೂಸಿದಳು. "ನೀನು ಸಿಗರೇಟು ಸೇದಿದೀಯಾ?"

ಬುಧವಾರ ಬೆಳಿಗ್ಗೆ ಕೌಂಟರಿನಲ್ಲಿ ಹಿಸಾಯೋ ಫಾರಮ್ಮು ಕೇಳಿ ಪಡೆದು, ತನ್ನ ಹೆಸರಿಗೆ ಎರಡು ಗೆರೆ ಎಳೆದು, ಮೇಲೆ ಚಿಗುಸಾಳ ಹೆಸರನ್ನು ಮುದ್ದಾದ ಅಕ್ಷರದಲ್ಲಿ ಬರೆದಳು. ನರ್ಸಮ್ಮ, "ಅವರೇ ಬರೆದರೂ ನಡೀತಿತ್ತು," ಎಂದಾಗ, "ಇವಳ ಅಕ್ಷರ ನೀವು ನೋಡಿಲ್ಲ," ಎಂದಳು.

ಮೂರು ಗಂಟೆ ಎಂದಿದ್ದ ಶಸ್ತ್ರಚಿಕಿತ್ಸೆ ನಾಲ್ಕೂವರೆ ಗಂಟೆ ಹಿಡಿಯಿತು. ಹಿಸಾಯೋ ಅಷ್ಟು ಹೊತ್ತೂ ಒಂದೇ ಪತ್ರಿಕೆಯ ಒಂದೇ ಪುಟವನ್ನು ನೋಡುತ್ತ ಕೂತಿದ್ದಳು. ಚಿಗುಸಾ ಒನಿಗಿರಿ ಅನ್ನದುಂಡೆಯನ್ನು ಬಿಚ್ಚಿ ಅವಳ ಕೈಗಿಟ್ಟಳು. ಅವಳು ಅದನ್ನು ತಿನ್ನಲಿಲ್ಲ, ಕೆಳಗಿಡಲೂ ಇಲ್ಲ. ಕೊನೆಗೆ ಡಾಕ್ಟರು ಬಂದು, ನರದ ಮೇಲಿನ ಒತ್ತಡ ಪೂರ್ತಿ ಹೋಗಿದೆ, ಕಾಲ್ಬೆರಳು ಆಡಿಸುತ್ತಿದ್ದಾರೆ ಎಂದರು. ಇಬ್ಬರೂ ಒಟ್ಟಿಗೇ ಎದ್ದು ಬಗ್ಗಿದರು. ತಲೆಗೆ ತಲೆ ತಾಗಿತು.

"ನೋಡ್ಕೊಂಡು ಬಗ್ಗು," ಎಂದಳು ಹಿಸಾಯೋ. ಅವಳ ಕಣ್ಣು ಒದ್ದೆಯಾಗಿತ್ತು. ತಲೆ ತಾಗಿದ ನೋವಿಗೇ ಇರಬೇಕು ಎಂದುಕೊಳ್ಳುವುದು ಒಳ್ಳೆಯದೆಂದು ಚಿಗುಸಾಳಿಗೆ ಅನಿಸಿತು.

ಗುರುವಾರ ಚಿಗುಸಾ ಹೋಗಿ ಹದಿನೈದು ನಿಮಿಷ ಗಂಡನ ಕೈ ಹಿಡಿದು ಕೂತು ಬಂದಳು. ಶುಕ್ರವಾರ ಬೆಳಿಗ್ಗೆ ಹಿಸಾಯೋ, ಇನ್ನು ತನಗಿಲ್ಲಿ ಕೆಲಸವಿಲ್ಲ, ಊರಲ್ಲಿ ಮೂಲಂಗಿ ಒಣಗಿಸುವುದಿದೆ ಎಂದು ಪೆಟ್ಟಿಗೆ ಕಟ್ಟಿದಳು. ನಿಲ್ದಾಣದವರೆಗೂ ಬರುತ್ತೇನೆಂದರೆ ಬೇಡವೆಂದಳು. ಬಸ್ಸು ಹೊರಟ ಅರ್ಧ ಗಂಟೆಗೆ ಅವಳಿಂದ ಸಂದೇಶ ಬಂತು. ಒಂದರಿಂದ ಹದಿಮೂರರವರೆಗೆ ಅಂಕಿ ಹಾಕಿದ ಸೂಚನೆಗಳು. ಯಾಸುನೊರಿಯನ್ನು ಯಾವ ಮಗ್ಗುಲಿಗೆ ತಿರುಗಿಸಬೇಕು, ಡಾಕ್ಟರಿಗೆ ಯಾವ ಪ್ರಶ್ನೆ ಕೇಳಬೇಕು, ತಿಂಡಿಯಲ್ಲಿ ಸೊಪ್ಪು ಎಷ್ಟಿರಬೇಕು.

ಚಿಗುಸಾ ನಾಲ್ಕನೆಯದರವರೆಗೆ ಓದಿದಳು. "ಆಯ್ತು ಅಕ್ಕ," ಎಂದು ಕಳಿಸಿ, ಫೋನನ್ನು ಬೋರಲು ಹಾಕಿ, ಪರದೆ ಎಳೆದು ಮಲಗಿದಳು.